ಚೂಪು ಹಿಂಬದಿಯ ದೋಣಿಗೆ ಮೋಟಾರ್ ಕೂರಿಸುವುದು ಹೇಗೆ?

ಹಿಂಬದಿ ಚಪ್ಪಟೆಯಿದ್ದರೆ ಔಟ್‌ಬೋರ್ಡ್ ಮೋಟಾರ್ (ದೋಣಿಯ ಹೊರಬದಿಗೆ ಸಿಕ್ಕಿಸುವ ಮೋಟಾರ್) ಹಾಕಲು ಎರಡು ತಿರುಪು ಬಿಗಿದರೆ ಸಾಕು. ನಮ್ಮ ಕರಾವಳಿಯ ಹೊಳೆಗಳಲ್ಲಿ ಓಡಾಡುವ, ಎರಡೂ ತುದಿ ಚೂಪಾದ ಸಣ್ಣ ದೋಣಿಗಳಿಗೆ ಆ ಸೌಕರ್ಯವಿಲ್ಲ. ಮೋಟಾರನ್ನು ಪಕ್ಕಕ್ಕೇ ಕಟ್ಟಬೇಕು. ಇಲ್ಲಿ ಹೇಳುವುದು 2–3 ಎಚ್‌ಪಿ ಮೋಟಾರಿಗೆ, ಶಾಂತ ನೀರಿಗೆ ಮಾತ್ರ. ಕಡಲಿಗೆ ಇದನ್ನು ನಂಬಬೇಡಿ.

ಮೊದಲು ಎತ್ತರ ಅಳೆಯಿರಿ. ಎಲ್ಲ ಎಡವಟ್ಟೂ ಇಲ್ಲೇ ಶುರುವಾಗುವುದು. ಎಂದಿನಷ್ಟು ಜನ, ಸಾಮಾನು ಹೇರಿಕೊಂಡೇ ಅಳೆಯಬೇಕು. ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಮೋಟಾರಿನ ಕಾಲು, ಅಂದರೆ ಹಲಗೆಯ ಮೇಲಂಚಿಗೆ ಕೂರುವ ಜಾಗದಿಂದ ಪ್ರೊಪೆಲ್ಲರ್ ಮೇಲಿನ ತಟ್ಟೆಯವರೆಗೆ, ಸುಮಾರು 38 ಸೆಂ.ಮೀ. ಮೋಟಾರ್ ಕೂರಿಸುವ ಹಲಗೆಯ ಮೇಲಂಚು ನೀರಿನಿಂದ 25 ಸೆಂ.ಮೀ. ಮೇಲಿದ್ದರೆ, ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ನೀರೊಳಗೆ ಅರ್ಧ ಗೇಣಿಗಿಂತ ತುಸು ಹೆಚ್ಚು ಇಳಿಯುತ್ತದೆ. ಇನ್ನೂ ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಸುಮ್ಮನೆ ಅಬ್ಬರಿಸುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ.

75×50 ಮಿ.ಮೀ.ನ ಎರಡು ಹೆಬ್ಬಲಸಿನ ಅಡ್ಡಮರ ತನ್ನಿ. ದೋಣಿಯ ಹಿಂಭಾಗದಲ್ಲಿ, ಒಂದರಿಂದೊಂದು ಮೊಳ ದೂರಕ್ಕೆ, ಎರಡೂ ಅಂಚುಗಳ ಮೇಲೆ ಮಲಗಿಸಿ. ಒಂದು ಪಕ್ಕದಲ್ಲಿ ಹಲಗೆ ಹಿಡಿಯುವಷ್ಟು ಹೊರಚಾಚಿರಲಿ. ಒಳಬದಿಗೆ ಮರದ ಗೂಟ ಕೊಟ್ಟು, ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿ. ದೋಣಿಗೆ ತೂತು ಕೊರೆಯುವ ಗೊಡವೆಯೇ ಬೇಡ.

ಹಲಗೆಗೆ ಐಎಸ್ 710 (ಮೆರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆಯ 19 ಮಿ.ಮೀ. ಮೆರೈನ್ ಪ್ಲೈವುಡ್‌ನ ಎರಡು ತುಂಡನ್ನು ಎಪಾಕ್ಸಿಯಿಂದ (ನೀರು ತಾಳುವ ಗಟ್ಟಿ ಅಂಟು) ಅಂಟಿಸಿ. ಅಗಲ 35, ಎತ್ತರ 30 ಸೆಂ.ಮೀ. ಸಾಕು. ಹಿಂದಿನ ಅಡ್ಡಮರಕ್ಕೆ ನೇರ ಅಂಟಿಸಿದರೆ ಮೋಟಾರನ್ನು ಹಲಗೆಗೆ ಹಿಡಿಸುವ ಕ್ಲ್ಯಾಂಪಿನ ತಿರುಪು ತಿರುಗಿಸಲು ಕೈ ಹೋಗುವುದಿಲ್ಲ. ಆದ್ದರಿಂದ ಹಲಗೆಗೂ ಅಡ್ಡಮರಕ್ಕೂ ನಡುವೆ, ಎರಡೂ ಬದಿಗೆ 12 ಸೆಂ.ಮೀ. ಉದ್ದದ ಮರದ ತುಂಡು ಇಟ್ಟು, ಆರಪಾರ ಬೋಲ್ಟ್ ಹಾಕಿ. ಬೋಲ್ಟ್ ಉಪ್ಪುನೀರು ತಾಳುವ 316 ಸ್ಟೇನ್‌ಲೆಸ್ ಉಕ್ಕಿನದೇ ಇರಲಿ, ಅಗಲವಾದ ವಾಷರ್ ಮರೆಯಬೇಡಿ. ಕೊರೆದ ತೂತು, ಕತ್ತರಿಸಿದ ಅಂಚುಗಳಿಗೆಲ್ಲ ಎಪಾಕ್ಸಿ ಕುಡಿಸಿ. ಪ್ಲೈವುಡ್ ಕೊಳೆಯುವುದು ಅಲ್ಲಿಂದಲೇ.

ಮೋಟಾರಿನ ತೂಕ ಹೆಚ್ಚೆಂದರೆ 18 ಕಿಲೋ, ಅದು ದೊಡ್ಡ ವಿಷಯವಲ್ಲ. ಹಲಗೆಯನ್ನು ಕೀಳುವುದು ಕೆಳಗಿನ ಪ್ರೊಪೆಲ್ಲರ್‌ನ ತಳ್ಳು. ಅದು ಅಡ್ಡಮರವನ್ನೇ ತಿರುಚುತ್ತದೆ. ಹಲಗೆಯ ಕೆಳಭಾಗದಿಂದ ಮುಂದಿನ ಅಡ್ಡಮರಕ್ಕೆ ಓರೆ ಆಸರೆ ಕೊಟ್ಟರೆ ಆ ತಿರುಚು ನಿಲ್ಲುತ್ತದೆ. ಹೊರಗಿನ ಅಂಗಡಿಗಳಲ್ಲಿ ಸಿಗುವ ಇಂಥ ಎಷ್ಟೋ ಅಗ್ಗದ ಮೋಟಾರ್ ಬ್ರಾಕೆಟ್‌ಗಳಲ್ಲಿ (ಮೋಟಾರ್ ಹಿಡಿಯುವ ಚೌಕಟ್ಟು) ಈ ಆಸರೆಯೇ ಇರುವುದಿಲ್ಲ.

ಮೋಟಾರ್ ಬಲಗಡೆ ಇದ್ದರೆ ದೋಣಿಯ ಮೂತಿ ಎಡಕ್ಕೆ ಎಳೆಯುತ್ತದೆ. ಹಿಡಿಕೆಯಲ್ಲೇ ಸರಿಪಡಿಸಿಕೊಳ್ಳಿ, ಎದುರು ಬದಿಗೆ ಒಬ್ಬರನ್ನು ಕೂರಿಸಿ. ಮೋಟಾರಿಗೊಂದು ಸರಪಳಿ ಹಾಕಿ ದೋಣಿಗೇ ಕಟ್ಟಿ, ಬ್ರಾಕೆಟ್‌ಗೆ ಅಲ್ಲ. ಮೊದಲ ಸಲ ದೋಣಿಯನ್ನು ದಡದ ಮರಕ್ಕೆ ಕಟ್ಟಿಯೇ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಿ. ಬಳಿಕ ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಿರಿ, ಹಗ್ಗ ಸಡಿಲವಾಗಿದ್ದರೆ ಮತ್ತೆ ಕಟ್ಟಿ.