ಹೈ-ಲೋ ಸ್ಟಡ್ ಪೋಕರ್: ಮೊದಲ ಮೂರು ಎಲೆ ನೋಡಿ ನಿರ್ಧರಿಸುವುದು ಹೇಗೆ?

ತೀನ್ ಪತ್ತಿ ಆಡಿದವರ ಕೈಗೆ ರಾಜನ ಜೋಡಿ ಬಂದರೆ ಮುಖ ಅರಳುತ್ತದೆ. ಹೈ-ಲೋ ಸ್ಟಡ್‌ನಲ್ಲಿ ಅದೇ ಜೋಡಿಯನ್ನು ಎಷ್ಟೋ ಸಲ ಸುಮ್ನೆ ಪ್ಯಾಕ್ ಮಾಡಬೇಕಾಗುತ್ತದೆ, ಅಂದರೆ ಎಲೆ ಇಟ್ಟು ಆ ಸುತ್ತು ಬಿಡಬೇಕಾಗುತ್ತದೆ. 3-4-6 ಥರದ ಸಪ್ಪೆ ಎಲೆಗಳಿಗೇ ಇಲ್ಲಿ ಬೆಲೆ ಜಾಸ್ತಿ.

ಇದು ಅಮೆರಿಕದ ಕ್ಯಾಸಿನೊಗಳ ಆಟ. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಐದು ಆಟಗಳನ್ನು ಸರದಿಯಲ್ಲಿ ಆಡಿಸುವ 'ಹಾರ್ಸ್' ಎಂಬ ಸ್ಪರ್ಧೆ ಇದೆ. ಅದರ ಐದನೇ ಆಟವೇ ಇದು. 2006ರಲ್ಲಿ 50,000 ಡಾಲರ್ ಪ್ರವೇಶ ಶುಲ್ಕದ ಹಾರ್ಸ್ ಸ್ಪರ್ಧೆಯನ್ನು ಚಿಪ್ ರೀಸ್ ಗೆದ್ದರು.

ಮೊದಲು ನಿಯಮ

ಎಲೆ ಹಂಚುವ ಮೊದಲು ಎಲ್ಲರೂ ಬೂಟು (ಸಣ್ಣ ಆರಂಭದ ಮೊತ್ತ) ಹಾಕುತ್ತಾರೆ. ಒಬ್ಬೊಬ್ಬರಿಗೂ ಎರಡು ಮುಚ್ಚಿದ ಎಲೆ, ಒಂದು ತೆರೆದ ಎಲೆ. ತೆರೆದ ಎಲೆಗಳಲ್ಲಿ ಯಾರದ್ದು ಚಿಕ್ಕದೋ ಅವರು ಮೊದಲ ಬೆಟ್ ಕಟ್ಟಲೇಬೇಕು. ಆಮೇಲೆ ಒಂದೊಂದಾಗಿ ಮೂರು ತೆರೆದ ಎಲೆ, ಕೊನೆಗೆ ಒಂದು ಮುಚ್ಚಿದ ಎಲೆ. ಒಟ್ಟು ಏಳು. ಐದನೇ ಎಲೆಯಿಂದ ಬೆಟ್ ಎರಡರಷ್ಟಾಗುತ್ತದೆ.

ಏಳರಲ್ಲಿ ಒಳ್ಳೆಯ ಐದನ್ನು ಆರಿಸಿ ಹೈ (ಎಲ್ಲರಿಗಿಂತ ದೊಡ್ಡ ಕೈ) ಕಟ್ಟುವವರಿಗೆ ಅರ್ಧ ಪಾಟ್ (ಎಲ್ಲರೂ ಹಾಕಿದ ಒಟ್ಟು ಮೊತ್ತ), ಲೋ (ಎಲ್ಲರಿಗಿಂತ ಚಿಕ್ಕ ಕೈ) ಕಟ್ಟುವವರಿಗೆ ಇನ್ನರ್ಧ. ಎರಡಕ್ಕೂ ಬೇರೆ ಬೇರೆ ಐದು ಎಲೆ ಬಳಸಬಹುದು. ಲೋ ಆಗಬೇಕಾದರೆ ಐದೂ ಎಲೆ 8 ಅಥವಾ ಅದಕ್ಕಿಂತ ಕೆಳಗಿರಬೇಕು, ಒಂದೂ ಜೋಡಿ ಇರಬಾರದು. ಯಾರಿಗೂ ಲೋ ಆಗದಿದ್ದರೆ ಪೂರ್ತಿ ಪಾಟ್ ಹೈಗೆ. ಎಕ್ಕ ಎರಡೂ ಕಡೆ ಸಲ್ಲುತ್ತದೆ. ಸೀಕ್ವೆನ್ಸ್ (ಸಾಲಾಗಿ ಬರುವ ಅಂಕಿಗಳು) ಆದರೂ, ಒಂದೇ ಬಣ್ಣವಾದರೂ (ಐದೂ ಇಸ್ಪೀಟು ಎಂಬಂತೆ ಒಂದೇ ಗುರುತಿನವು) ಲೋಗೆ ಅಡ್ಡಿಯಿಲ್ಲ. ಹಾಗಾಗಿ ಎಕ್ಕ-2-3-4-5 ಅತ್ಯುತ್ತಮ ಲೋ, ಹೈ ಕಡೆಗೆ ಸೀಕ್ವೆನ್ಸ್ ಕೂಡ. ತೀನ್ ಪತ್ತಿಯಿಂದ ಬಂದವರು ಗಮನಿಸಿ: ಅಲ್ಲಿ ಸೀಕ್ವೆನ್ಸ್ ದೊಡ್ಡದು, ಪೋಕರ್‌ನಲ್ಲಿ ಬಣ್ಣ ದೊಡ್ಡದು.

ಅರ್ಧ ಗೆದ್ದರೆ ಎಷ್ಟು ಸಿಗುತ್ತದೆ?

ಮೂವರು ತಲಾ 100 ಹಾಕಿದ್ದಾರೆ ಎನ್ನಿ. ಪಾಟ್ 300. ಅರ್ಧ ಗೆದ್ದರೆ 150, ಲಾಭ ಬರೀ 50. ಪೂರ್ತಿ ಗೆದ್ದರೆ ಲಾಭ 200. ಅಂದರೆ ನಾಲ್ಕು ಪಟ್ಟು! ಇಬ್ಬರೇ ಉಳಿದಿದ್ದರೆ ಅರ್ಧ ಗೆದ್ದವರಿಗೆ ಸಿಗುವುದು ಬೂಟಿನ ಚಿಲ್ಲರೆ, ಮತ್ತೆ ನಡುವೆ ಪ್ಯಾಕ್ ಆದವರು ಬಿಟ್ಟುಹೋದದ್ದು ಅಷ್ಟೇ. ಹಾಗಾಗಿ ಮೂರು ಎಲೆ ಕೈಗೆ ಬಂದ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇವು ಎರಡೂ ಕಡೆ ಗೆಲ್ಲಬಲ್ಲವೇ?

ಯಾವ ಎಲೆ ಆಡಬೇಕು?

ಮೂರೂ ಒಂದೇ ಅಂಕಿ ಬಂದರೆ ಯೋಚನೆಯೇ ಬೇಡ, ಆಡಿ. ಆದರೆ ಅದು 425ರಲ್ಲಿ ಒಂದು ಸಲದ ಮಾತು. ಅದನ್ನು ನಂಬಿ ಕೂರುವಂತಿಲ್ಲ.

ಅದರ ನಂತರ ನನ್ನ ಲೆಕ್ಕದಲ್ಲಿ ಬರುವುದು ಒಂದೇ ಬಣ್ಣದ ಮೂರು ಚಿಕ್ಕ ಎಲೆಗಳು. ಉದಾಹರಣೆಗೆ ಇಸ್ಪೀಟಿನ ಎಕ್ಕ, 3, 5. ಎಕ್ಕದ ಜೋಡಿ ಜೊತೆಗೊಂದು ಚಿಕ್ಕ ಎಲೆ ಸಿಕ್ಕರೂ ಅಷ್ಟೇ ಖುಷಿಪಡಬಹುದು. ಬಣ್ಣ ಬೇರೆಯಾದರೂ 3-4-5, 4-5-6 ಒಳ್ಳೆಯವು. ಲೋ ಕಡೆಗೆ ಹೋಗುತ್ತಲೇ ಸೀಕ್ವೆನ್ಸ್ ಕಟ್ಟಬಲ್ಲವು. ಎಕ್ಕದ ಜೊತೆ ಎರಡು ಚಿಕ್ಕ ಎಲೆ, ಚಿಕ್ಕ ಜೋಡಿಯ ಜೊತೆ ಎಕ್ಕ, ಇವನ್ನೂ ಆಡಬಹುದು.

8 ಮತ್ತು ಅದಕ್ಕಿಂತ ಕೆಳಗಿನ, ಜೋಡಿಯಿಲ್ಲದ ಮೂರು ಎಲೆ ಬರುವುದು 100ರಲ್ಲಿ ಸುಮಾರು 16 ಸಲ. ಬಂದದ್ದೆಲ್ಲ ಆಡಲು ಯೋಗ್ಯವೂ ಅಲ್ಲ. 8-7-2 ನೋಡಿ. ಲೋ ಹೋಲಿಸುವುದು ದೊಡ್ಡ ಎಲೆಯಿಂದ. ನಿಮ್ಮ ಲೋ ಆದರೂ ಎದುರಿನವರ 7 ಅಥವಾ 6ರ ಲೋ ಮುಂದೆ ಸೋಲುತ್ತದೆ. ಹೈ ಕಡೆಗಂತೂ ಆಸೆಯೇ ಇಲ್ಲ. ಎದುರು ಚಿಕ್ಕ ಎಲೆಗಳು ತೆರೆದಿದ್ದರೆ ಇಂಥದ್ದನ್ನು ಇಟ್ಟುಬಿಡಿ. 9 ಇದ್ದರೆ ಇನ್ನೂ ಕಷ್ಟ. ಲೋಗೆ ಬಾರದು, ಹೈಗೆ ಚಿಕ್ಕದು.

ಈಗ ರಾಜನ ಜೋಡಿಗೆ ಬರೋಣ. ಚಿಕ್ಕ ಎಲೆ ಹಿಡಿದವರಿಗೆ ಮುಂದೆ ಎರಡು ಜೋಡಿಯೋ ಸೀಕ್ವೆನ್ಸೋ ಬಂದು ಹೈ ಕೂಡ ಸಿಗಬಹುದು. ರಾಜನ ಜೋಡಿಗೆ ಲೋ ಆಗುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಅವರು ಎರಡಕ್ಕೆ ಆಡುತ್ತಾರೆ, ನೀವು ಒಂದಕ್ಕೆ. ಮೇಜಿನ ಮೇಲೆ ಎಕ್ಕ ಕಾಣದೆ, ಎದುರು ಒಬ್ಬಿಬ್ಬರು ಮಾತ್ರ ಉಳಿದಿದ್ದರೆ ರೇಸ್ ಮಾಡಿ (ಬೆಟ್ ಏರಿಸಿ) ಒಬ್ಬರನ್ನಷ್ಟೇ ಉಳಿಸಿಕೊಂಡು ಆಡಿ. ಎಕ್ಕ ತೆರೆದವರು ರೇಸ್ ಮಾಡಿದರೆ ಹಠ ಬೇಡ.

ಬೇರೆಯವರ ಎಲೆ ಓದಿ

ಹೊಸಬರು ತಮ್ಮ ಎಲೆಯನ್ನೇ ನೋಡುತ್ತಾ ಕೂರುತ್ತಾರೆ. ಎಂಟು ಜನ ಆಡುತ್ತಿದ್ದರೆ ಬೆಟ್ ಕಟ್ಟುವ ಮೊದಲೇ ಇನ್ನೂ ಏಳು ಎಲೆ ಕಾಣುತ್ತವೆ, ಅಲ್ವಾ? ನಿಮ್ಮ ಕೈಯಲ್ಲಿ 3-4-5 ಇದೆ ಎನ್ನಿ. ಎದುರು ಎರಡು 2, ಒಂದು 6, ಒಂದು 7 ಕಂಡರೆ ನಿಮಗೆ ಬೇಕಾದವು ಆಗಲೇ ಹೋಗಿವೆ. ಅದರ ಬದಲು 3, 4, 5ಗಳೇ ಎದುರು ಕಂಡರೆ ಲೋಗೆ ಒಳ್ಳೆಯದು. ನಿಮ್ಮ ಎಲೆ ಜೋಡಿಯಾಗಿ ಲೋ ಕೆಡುವ ಭಯ ಕಡಿಮೆ. ಪ್ಯಾಕ್ ಆದವರ ಎಲೆ ಮೇಜಿನಿಂದ ಮಾಯವಾಗುತ್ತದೆ, ಅದಕ್ಕೂ ಮೊದಲೇ ನೆನಪಿಟ್ಟುಕೊಳ್ಳಿ.

ನಾಲ್ಕನೇ ಎಲೆಯಲ್ಲಿ ಮತ್ತೆ ನಿರ್ಧಾರ. ನಿಮಗೆ ರಾಣಿ ಬಂದು ಎದುರಿನವರಿಗೆ 5 ಬಂದರೆ, ಬರೀ ಲೋ ನಂಬಿದ ಕೈಯನ್ನು ಅಲ್ಲೇ ಬಿಡುವುದು ವಾಸಿ. ಐದನೇ ಎಲೆಯಿಂದ ಬೆಟ್ ದುಬಾರಿ.

ಅಭ್ಯಾಸ

ದುಡ್ಡು ಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಮನೆಯಲ್ಲಿ ಒಂದು ಇಸ್ಪೀಟು ಕಟ್ಟು, ಒಂದು ಹಿಡಿ ಹುಣಸೆ ಬೀಜ ಸಾಕು. ಏಳು ಕೈಗೆ ಮೂರು ಮೂರು ಎಲೆ ಹಂಚಿ. ಒಂದು ಕೈ ನಿಮ್ಮದು, ಉಳಿದವರದ್ದು ತೆರೆದ ಎಲೆ ಮಾತ್ರ ನೋಡಿ. ಆಡಬೇಕೋ ಬಿಡಬೇಕೋ ಎಂದು ಕಾರಣದ ಜೊತೆ ಜೋರಾಗಿ ಹೇಳಿ. ಆಮೇಲೆ ಏಳೂ ಎಲೆ ಹಾಕಿ ಯಾರು ಯಾವ ಅರ್ಧ ಗೆದ್ದರು ನೋಡಿ. ಬಿಟ್ಟ ಕೈ ಕೆಲವು ಸಲ ಗೆದ್ದೇ ಗೆಲ್ಲುತ್ತದೆ, ಅದಕ್ಕಾಗಿ ಮುಂದಿನ ಸಲ ಲೆಕ್ಕ ಬದಲಿಸಬೇಡಿ.