ಡಿ ಅಂಡ್ ಡಿ ಆಟಕ್ಕೆ ಗೇಶಾ ಕ್ಲಾಸ್ ಮಾಡಿದ ನನ್ನ ಅನುಭವ: ವಶೀಕರಣ ಬಿಟ್ಟು ಊದುಬತ್ತಿ ಹಚ್ಚಿದ್ದು

ನಮ್ಮ ಭಾನುವಾರದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಹಾಕಿ ಕಥೆ ನಡೆಸೋ ಆಟ) ನಡೀತಿರೋದು ಎಡೋ ಕಾಲದ (1603–1868) ಜಪಾನ್ ಥರದ ಒಂದು ಲೋಕದಲ್ಲಿ, ಅದರಲ್ಲಿ ಗೆಳತಿಯೊಬ್ಬಳು ನಾನು ಗೇಶಾ (ಕೂಟಗಳಲ್ಲಿ ನುಡಿಸಿ ಕುಣಿದು ರಂಜಿಸೋ ಜಪಾನಿ ಕಲಾವಿದೆ) ಆಗ್ತೀನಿ ಅಂದ್ಲು. ಡಿಎಂ, ಅಂದ್ರೆ ಆಟ ನಡೆಸೋನು ನಾನೇ, ಹಾಗಾಗಿ ಆಟದ ಫಿಫ್ತ್ ಎಡಿಷನ್ ನಿಯಮದ ಬಾರ್ಡ್ (ಹಾಡು-ವಾದ್ಯದಿಂದ ಮಾಯೆ ಮಾಡೋ ಪಾತ್ರದ ಬಗೆ) ತಗೊಂಡು ಮೂರನೇ ಲೆವೆಲ್‌ಗೆ ಬರೋ ಸಬ್‌ಕ್ಲಾಸ್, ಅಂದ್ರೆ ಅದರ ಒಳಬಗೆ ಆಗಿ ಬರೆದೆ. ಮೊದಲು ಬರೆದಿದ್ದರ ತುಂಬಾ ಚಾರ್ಮ್ ಸ್ಪೆಲ್‌ಗಳೇ, ಅಂದ್ರೆ ಎದುರಿನವರ ಮನಸ್ಸನ್ನ ವಶ ಮಾಡ್ಕೊಳ್ಳೋ ಮಂತ್ರಗಳು. ಎರಡು ಸೆಷನ್ ಆಡಿ ಅವಳು, "ಇದು ಬರೀ ವಶೀಕರಣ ಆಯ್ತಲ್ಲೋ, ಕಲೆ ಎಲ್ಲಿದೆ ಇದ್ರಲ್ಲಿ?" ಅಂದ್ಲು.

ಆ ಮಾತು ಸರಿಯಾಗೇ ನಾಟ್ತು. ಗೇ ಅಂದ್ರೇನೇ ಕಲೆ, ಶಾ ಅಂದ್ರೆ ವ್ಯಕ್ತಿ. 1779ರಲ್ಲೇ ಯೋಶಿವಾರಾ ಅನ್ನೋ ವೇಶ್ಯೆಯರ ಕೇರಿಯಲ್ಲಿ ಕೆನ್‌ಬಾನ್ ಅನ್ನೋ ಕಚೇರಿ ಇಟ್ಟು ಗೇಶಾಗಳು ವೇಶ್ಯೆಯರ ಗಿರಾಕಿಗಳ ತಂಟೆಗೆ ಹೋಗಬಾರದು ಅಂತ ಕಟ್ಟುಪಾಡು ಮಾಡಿದ್ರು, ಕ್ಯೋಟೋದಲ್ಲಿ ಇವತ್ತಿಗೂ ಮೈಕೋ, ಅಂದ್ರೆ ಗೇಶಾ ಆಗೋಕೆ ಕಲಿಯೋ ಹುಡುಗಿಯರು ವರ್ಷಗಟ್ಟಲೆ ಕುಣಿತ, ಶಾಮಿಸೆನ್ (ಮೂರು ತಂತಿಯ ವಾದ್ಯ), ಚಹಾ ವಿಧಿ ಎಲ್ಲ ಕಲಿತೇ ಮೇಲೆ ಬರ್ತಾರೆ. ಇಷ್ಟು ಸಾಧನೆ ಇರೋರನ್ನ ನಾನು ಒಂದು ಸ್ಪೆಲ್‌ಗೆ ಇಳಿಸಿಬಿಟ್ಟಿದ್ದೆ, ಅದು ತಪ್ಪೇ.

ದಾರಿ ಸಿಕ್ಕಿದ್ದು ಒಂದು ಸಣ್ಣ ವಿಷಯದಿಂದ. ಹಿಂದೆ ಗೇಶಾ ಎಷ್ಟು ಹೊತ್ತು ಕೂತಿದ್ಲು ಅಂತ ಲೆಕ್ಕ ಹಾಕ್ತಿದ್ದಿದ್ದು ಉರಿದ ಊದುಬತ್ತಿ ಎಣಿಸಿ, ದುಡ್ಡೂ ಅದರ ಲೆಕ್ಕದಲ್ಲೇ. ತಕ್ಷಣ ಚಾರ್ಮ್ ಎಲ್ಲ ಕಿತ್ತು ಹಾಕ್ದೆ. ಈಗ ಮೂರನೇ ಲೆವೆಲ್‌ನಲ್ಲಿ ಅವಳು ಊದುಬತ್ತಿ ಹಚ್ಚಿ ನುಡಿಸೋಕೆ ಶುರು ಮಾಡಿದ್ರೆ, ಅದು ಉರಿಯೋವರೆಗೂ ಆ ಕೋಣೇಲಿ ಯಾರು ಮೊದಲು ಕತ್ತಿ ಎತ್ತಬೇಕಾದ್ರೂ ವಿಸ್ಡಮ್ ಸೇವ್ (ಮನಸ್ಸಿನ ತಡೆ ಪರೀಕ್ಷಿಸೋ ದಾಳದ ಎಸೆತ) ಗೆಲ್ಲಬೇಕು, ಅವಳ ಕಡೆಯವರೇ ಎತ್ತಿದ್ರೆ ಆ ತಡೆ ಅಲ್ಲಿಗೇ ಮುಗೀತು. ಆರನೇ ಲೆವೆಲ್‌ಗೆ ಕುಣಿಯೋ ತಾಚಿಕಾತಾ ಅಥವಾ ನುಡಿಸೋ ಜಿಕಾತಾ, ಎರಡರಲ್ಲಿ ಒಂದು ಆರಿಸ್ಕೋಬೇಕು. ಜಿಕಾತಾ ಆದ್ರೆ ಒಂದೇ ಇನ್‌ಸ್ಪಿರೇಷನ್ ಡೈಸ್ (ಬಾರ್ಡ್ ಜೊತೆಗಾರರಿಗೆ ಕೊಡೋ ಸಹಾಯದ ದಾಳ) ಇಬ್ಬರಿಗೆ ಕೊಡಬಹುದು. ಹದಿನಾಲ್ಕಕ್ಕೆ ನಾನು ತುಂಬಾ ಇಷ್ಟಪಟ್ಟು ಬರೆದಿದ್ದು: ಆ ಕೋಣೇಲಿ ಕೇಳಿದ ಮಾತನ್ನ ಯಾವ ಮಾಯೆಯಿಂದ್ಲೂ ಅವಳ ಬಾಯಿ ಬಿಡಿಸೋಕೆ ಆಗಲ್ಲ. ಓಚಾಯಾ ಅನ್ನೋ ಆ ಚಹಾಮನೆಗಳು ನಿಂತಿರೋದೇ ಆ ನಂಬಿಕೆ ಮೇಲೆ, ಗುರುತಿನವರು ಕರ್ಕೊಂಡು ಹೋಗದೆ ಹೊಸಬರಿಗೆ ಒಳಗೆ ಜಾಗ ಇಲ್ಲ.

ಟೆಸ್ಟ್ ಮಾಡೋ ದಿನ ಟೇಬಲ್ ಮೇಲೆ ನಿಜವಾದ ಊದುಬತ್ತಿನೇ ಹಚ್ಚಿದ್ವಿ. ಇಡೀ ಕಡ್ಡಿ ಬಹಳ ಹೊತ್ತು ಉರಿಯುತ್ತೆ ಅಂತ ಅರ್ಧಕ್ಕೆ ಮುರಿದೆ, ಸುಮಾರು 20 ನಿಮಿಷ ಬಂತು. ಜಗಳದಲ್ಲಿದ್ದ ಇಬ್ಬರು ಸರದಾರರು ಎದುರುಬದುರು, ಅವಳು ಒಬ್ಬನಿಗೆ ಸಾಕೆ (ಅಕ್ಕಿ ಮದ್ಯ) ಬಗ್ಗಿಸ್ತಾ ಇನ್ನೊಬ್ಬನ ಸತ್ತುಹೋದ ತಮ್ಮನ ಮಾತು ಮೆಲ್ಲಗೆ ತೆಗೆದ್ಲು, ಸ್ಪೆಲ್ ಇಲ್ಲ ಏನಿಲ್ಲ, ಬರೀ ಮಾತು, ಉಳಿದವರ ಕಣ್ಣೆಲ್ಲ ಬಾಗ್ತಾ ಇದ್ದ ಬೂದಿ ಮೇಲೆ. ಬೂದಿ ಬಿದ್ದಾಗ ಒಬ್ಬ ಸರದಾರ ಕತ್ತಿ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಇನ್ನೊಬ್ಬ ಇಟ್ಟಿರಲಿಲ್ಲ, ಆಮೇಲೆ ಹೊಡೆದಾಟ ಆಯ್ತು, ಆದ್ರೆ ಒಬ್ಬನ ಜೊತೆ ಮಾತ್ರ.

ಮೊದಮೊದಲ ಗೇಶಾಗಳು ಗಂಡಸರೇ ಆಗಿದ್ರು, ತೈಕೋಮೋಚಿ ಅಂತ, ಹಾಸ್ಯ ಮಾಡಿ ಕೂಟ ನಡೆಸೋರು. ಈಗ ಆ ತೈಕೋಮೋಚಿ ಸಬ್‌ಕ್ಲಾಸ್ ಬರೀತಾ ಇದೀನಿ, ಆರನೇ ಲೆವೆಲ್ ತನಕ ಬಂದಿದೆ.