ಸಿಲ್ವರ್ ಘೋಸ್ಟ್ ಕಾರನ್ನು ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವುದು

ಏಳು ಲೀಟರ್ ಮೀರಿದ, ಆರು ಸಿಲಿಂಡರಿನ ಎಂಜಿನ್ ತಿರುಗಿಸಲು ಪೈಲ್ವಾನನೇ ಬೇಕು ಅಂದುಕೊಳ್ಳುವವರು ಹೆಚ್ಚು. ಬೇಕಾಗಿಲ್ಲ. ರೋಲ್ಸ್-ರಾಯ್ಸ್ 40/50 ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದದ್ದು 1919ರಲ್ಲಿ. (ಸಿಲ್ವರ್ ಘೋಸ್ಟ್ ಎಂಬುದು 1907ರ ಒಂದೇ ಒಂದು ಕಾರಿಗೆ ಇಟ್ಟ ಹೆಸರು, ಆಮೇಲೆ ಇಡೀ ಮಾದರಿಗೆ ಅಂಟಿಕೊಂಡಿತು.) ಅದಕ್ಕೂ ಹಿಂದಿನ ಕಾರುಗಳಲ್ಲಿ ಮುಕ್ಕಾಲು ಕೆಲಸ ಹ್ಯಾಂಡಲ್ ಮುಟ್ಟುವ ಮೊದಲೇ ಮುಗಿದಿರಬೇಕು.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಗಿಯಾಗಿರಲಿ. ಆಯಿಲ್ ಮಟ್ಟ ನೋಡಿ.

ಪೆಟ್ರೋಲ್ ಟ್ಯಾಂಕ್ ಕಾರಿನ ಹಿಂಭಾಗದಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗಿಂತ ಕೆಳಗಿದ್ದರೆ ಪೆಟ್ರೋಲ್ ತಾನಾಗಿ ಹರಿದು ಬರುವುದಿಲ್ಲ. ಟ್ಯಾಂಕಿಗೆ ಗಾಳಿ ತುಂಬಿ ತಳ್ಳಬೇಕು. ಕೈಪಂಪ್ ಒತ್ತುತ್ತಾ ಗೇಜ್ ಮೇಲೆ ಕಣ್ಣಿಡಿ. ಚದರ ಇಂಚಿಗೆ 1ರಿಂದ 2 ಪೌಂಡ್ ಸಾಕು. ಅತಿಯಾದರೆ ಪೆಟ್ರೋಲ್ ಒಳಹರಿವನ್ನು ನಿಲ್ಲಿಸುವ ಫ್ಲೋಟಿನ ಸೂಜಿ ತಡೆಯಲಾರದೆ ಕಾರ್ಬ್ಯುರೇಟರ್ ಉಕ್ಕಿ ಹರಿಯುತ್ತದೆ. ಮುಳ್ಳು ಮೆಲ್ಲಗೆ ಇಳಿಯುತ್ತಲೇ ಇದ್ದರೆ ಪಂಪನ್ನು ಬಿಚ್ಚಲು ಹೋಗಬೇಡಿ, ಮೊದಲು ಟ್ಯಾಂಕ್ ಮುಚ್ಚಳದ ವಾಷರ್ ನೋಡಿ. ಒಣಗಿ ಬಿರಿದ ವಾಷರಿನಿಂದಲೇ ಗಾಳಿ ಸೋರುವುದು ಹೆಚ್ಚು.

ಈಗ ಸ್ಟೇರಿಂಗ್ ಚಕ್ರದ ಮೇಲಿನ ಲಿವರ್‌ಗಳು. ಕಿಡಿ ಹಾರುವ ಸಮಯವನ್ನು ಹಿಂದೆಮುಂದೆ ಮಾಡುವ ಇಗ್ನಿಷನ್ ಲಿವರ್ ಪೂರ್ತಿ 'ಲೇಟ್' ಕಡೆಗೆ. ಇದೊಂದನ್ನು ಮರೆತರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಮಣಿಕಟ್ಟು ಮುರಿಯುವುದು ಹೀಗೆಯೇ. ಎಂಜಿನ್ ವೇಗ ಹಿಡಿದಿಡುವ ಗವರ್ನರ್ ಲಿವರ್ ನಿಧಾನದ ಕಡೆಗಿರಲಿ, ಮಿಶ್ರಣ ಗಟ್ಟಿ (ಗಾಳಿಗಿಂತ ಪೆಟ್ರೋಲಿನ ಪಾಲು ಎಂದಿಗಿಂತ ಹೆಚ್ಚು) ಇರಲಿ.

ಸ್ವಿಚ್ ಆಫ್ ಇದ್ದಾಗಲೇ ಹ್ಯಾಂಡಲನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಅಷ್ಟರಲ್ಲಿ ಆರೂ ಸಿಲಿಂಡರುಗಳು ಒಂದೊಂದು ಬಾರಿ ಪೆಟ್ರೋಲ್ ಎಳೆದುಕೊಂಡಿರುತ್ತವೆ. ಕೈ ತೆಗೆದು, ಆಮೇಲೆ ಬ್ಯಾಟರಿ ಇಗ್ನಿಷನ್ ಆನ್ ಮಾಡಿ. ಎಂಜಿನ್ ತಿರುಗುವುದರಿಂದಲೇ ವಿದ್ಯುತ್ ಹುಟ್ಟಿಸಿ ಕಿಡಿ ಕೊಡುವ ಮ್ಯಾಗ್ನೆಟೊ ಅಲ್ಲ: ಕೈಯಿಂದ ತಿರುಗಿಸುವ ವೇಗಕ್ಕೆ ಅದರ ಕಿಡಿ ಸಾಲದು. ಬ್ಯಾಟರಿಯ ಟ್ರೆಂಬ್ಲರ್ ಕಾಯಿಲ್‌ಗೆ (ಅದಿರುವ ಕಂಪಿಸುವ ಪತ್ತಿಯಿಂದ ಒಂದರ ಹಿಂದೊಂದು ಕಿಡಿ ಹಾರಿಸುವ ಸುರುಳಿ) ವೇಗದ ಹಂಗಿಲ್ಲ, ಅದು ಝರ್ರನೆ ಕಿಡಿ ಸುರಿಸುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಮೇಲಿನಿಂದ ಕೆಳಕ್ಕೆ ಒತ್ತಲೇಬೇಡಿ.

ಬಿಸಿ ಎಂಜಿನ್‌ಗೆ ಹ್ಯಾಂಡಲೇ ಬೇಡವಾಗಬಹುದು. ಆರು ಸಿಲಿಂಡರುಗಳಲ್ಲಿ ಒಂದಾದರೂ ಸದಾ ಪವರ್ ಸ್ಟ್ರೋಕಿನಲ್ಲಿ ನಿಂತಿರುತ್ತದೆ. ಅದರೊಳಗೆ ಮಿಶ್ರಣ ಉಳಿದಿದ್ದರೆ, ಬ್ಯಾಟರಿ ಆನ್ ಮಾಡಿ ಇಗ್ನಿಷನ್ ಲಿವರನ್ನು ಅತ್ತಿತ್ತ ಆಡಿಸಿದರೆ ಸಾಕು, ಕಿಡಿ ಹಾರಿ ಎಂಜಿನ್ ತಾನೇ ಎದ್ದುಬಿಡುತ್ತದೆ. ನೋಡಲು ಇಂದ್ರಜಾಲ. ಆದರೆ ಇದೇ ಕಾರಣಕ್ಕೆ, ಯಾರಾದರೂ ಹ್ಯಾಂಡಲ್ ಬಳಿ ನಿಂತಿದ್ದಾಗ ಸ್ವಿಚ್ ಆಗಲಿ ಲಿವರ್ ಆಗಲಿ ಮುಟ್ಟಬಾರದು.

ಎಂಜಿನ್ ಹಿಡಿದ ಮೇಲೆ ಇಗ್ನಿಷನ್ ಲಿವರನ್ನು 'ಲೇಟ್' ಕಡೆಯಿಂದ ಸ್ವಲ್ಪ ಮುಂದಕ್ಕೆ ತಂದು, ಮ್ಯಾಗ್ನೆಟೊಗೆ ಬದಲಿಸಿ, ಬಿಸಿಯೇರಿದಂತೆ ಮಿಶ್ರಣ ತೆಳು ಮಾಡುತ್ತಾ ಬನ್ನಿ. ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್, ಒಂದು ಬ್ಯಾಟರಿಗೆ, ಒಂದು ಮ್ಯಾಗ್ನೆಟೊಗೆ. ಒಂದರಲ್ಲಿ ನುಣ್ಣಗೆ ಓಡಿ ಇನ್ನೊಂದರಲ್ಲಿ ಮುಗ್ಗರಿಸಿದರೆ ಕಾರ್ಬ್ಯುರೇಟರನ್ನು ಮುಟ್ಟಬೇಡಿ. ಮುಗ್ಗರಿಸಿದ ಕಡೆಯ ಪ್ಲಗ್ ಮತ್ತು ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ.